ಮುಕ್ಕಾಲು ಎಚ್‌ಎಫ್ ಹಸುವಿನ ಬೇಸಿಗೆ

ಪುಣೆ ಹತ್ತಿರದ ಉರುಳಿ ಕಾಂಚನ್‌ನಲ್ಲಿ ಇಂಡಿ ಕಡೆಯ ಒಂದು ಕುಟುಂಬ ಹೈನ ಮಾಡುತ್ತಿದೆ. ಮಣಿಭಾಯಿ ದೇಸಾಯಿ 1967ರಲ್ಲಿ ದನದ ತಳಿ ಸುಧಾರಿಸುವ ಬೈಫ್ ಸಂಸ್ಥೆ ಕಟ್ಟಿದ್ದು ಇದೇ ಊರಲ್ಲಿ. ಹೀಗಾಗಿ ನಾಟಿ ಹಸುವಿಗೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಎಂಬ ವಿದೇಶಿ ಹಾಲಿನ ತಳಿ ಬೆರೆಸಿದ ಮಿಶ್ರತಳಿ ಇಲ್ಲಿ ಯಾರಿಗೂ ಹೊಸದಲ್ಲ.

ಏಪ್ರಿಲ್ ಮಧ್ಯಾಹ್ನ ನಾನು ಹೋದಾಗ ಹಸು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮೂರು ಸಲ ಸೀಮೆನ್ ಕೊಡಿಸಿದರೂ ಗಬ್ಬ ನಿಂತಿರಲಿಲ್ಲ. ಮತ್ತೆ ಬೆದೆಗೆ ಬಂದಿತ್ತು.

"ಸರ, ಈ ಸಲಾನೂ ಎಚ್‌ಎಫ್‌ದೇ ಹಾಕ್ರಿ, ಹಾಲು ಏರಬೇಕು" ಅಂದರು ಯಜಮಾನರು.

ಅಂಗಳದಲ್ಲೇ ಕಾಗದ ತೆಗೆದೆ. ಯಜಮಾನರ ಅಪ್ಪನ ಕಾಲದ ನಾಟಿ ಖಿಲಾರಿ ಹಸುವಿಗೆ ಎಚ್‌ಎಫ್ ಹಾಕಿದಾಗ ಹುಟ್ಟಿದ್ದು ಅರ್ಧ ರಕ್ತದ್ದು. ಅದಕ್ಕೆ ಮತ್ತೆ ಎಚ್‌ಎಫ್, ಮುಕ್ಕಾಲು. ಈಗ ಇನ್ನೊಮ್ಮೆ ಹಾಕಿದರೆ ಶೇ. 87.5. ಮೊದಲ ಪೀಳಿಗೆಯಲ್ಲಿ ಹಾಲೂ ಜಾಸ್ತಿ, ಗಟ್ಟಿತನವೂ ಇರುತ್ತದೆ. ದೂರದ ಎರಡು ತಳಿ ಕೂಡಿದಾಗ ಬರುವ ಹುರುಪು ಅದು, ಮುಂದಕ್ಕೆ ಪೂರ್ತಿ ದಾಟುವುದಿಲ್ಲ. ಎಚ್‌ಎಫ್ ಪಾಲು ಏರಿದಷ್ಟೂ ಸೆಕೆ, ಉಣ್ಣಿ ತಡೆಯುವ ಶಕ್ತಿ ಇಳಿಯುತ್ತದೆ.

ಅಮೆರಿಕದಲ್ಲಿ ಮಾಂಸಕ್ಕೆ ದನ ಸಾಕುವವರು ಉಲ್ಟಾ ದಾರಿ ಹಿಡಿದರು. ದಕ್ಷಿಣದ ಬಿಸಿಲು, ಉಣ್ಣಿಗಳಿಗೆ ಯುರೋಪಿನ ದನ ಸೋತಿತು. ನಮ್ಮ ಗಿರ್, ಓಂಗೋಲ್, ಕಾಂಕ್ರೇಜ್ ಒಯ್ದು ಬ್ರಾಹ್ಮನ್ ತಳಿ ಮಾಡಿದರು. ಅದರಲ್ಲಿ ನಮ್ಮ ಕೃಷ್ಣಾ ತೀರದ ದನದ ರಕ್ತವೂ ಇದೆ. ಆ ಕೃಷ್ಣಾ ತೀರದ ತಳಿಯನ್ನು ಇವತ್ತು ವಿಜಯಪುರದ ಕಡೆ ಹುಡುಕಿಕೊಂಡು ಹೋಗಬೇಕು! ಬ್ರಾಹ್ಮನ್ ಮೂರು ಪಾಲು, ಯುರೋಪಿನ ಮಾಂಸದ ತಳಿ ಆಂಗಸ್ ಐದು ಪಾಲು ಸೇರಿದರೆ ಬ್ರಾಂಗಸ್. ಆಮೇಲೆ ಬ್ರಾಂಗಸ್‌ಗೆ ಬ್ರಾಂಗಸ್ಸೇ. ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿತ್ತು, ನಾವು ಸುಮ್ನೆ ಹಾಕುತ್ತಲೇ ಹೋದೆವು.

ಕೆರಿಬಿಯನ್ ಕಡೆಯ ಸೆನೆಪೋಲ್ ದನಕ್ಕೆ ಗಿಡ್ಡ ಕೂದಲು ಬಂದಿದ್ದು ಒಂದೇ ಜೀನ್ ಬದಲಾವಣೆಯಿಂದ. ಅದರಿಂದ ಮೈ ಬೇಗ ಕಾಯುವುದಿಲ್ಲ. ಎಲ್ಲ ಗುಣವೂ ಅಷ್ಟು ಸಲೀಸಲ್ಲ. ಹಸುಗಳ ನಡುವೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಕಾಲು ಭಾಗದಷ್ಟು ರಕ್ತದಿಂದ ಬಂದದ್ದು. ಗಬ್ಬ ನಿಲ್ಲುವುದರಲ್ಲಿ ಶೇ. 10ಕ್ಕೂ ಕಡಿಮೆ, ಉಳಿದದ್ದು ಮೇವು, ನೆರಳು, ಆರೈಕೆ. ಹಾಗಾಗಿ ಹೋರಿಯ ಮೈಕಟ್ಟು ನೋಡಿದರೆ ಏನೂ ಗೊತ್ತಾಗದು. ಅದರ ಹೆಣ್ಣುಕರುಗಳ ಲೆಕ್ಕ ಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ. 2024ರ ಅಕ್ಟೋಬರ್‌ನಲ್ಲಿ ವಾಶಿಮ್‌ನಲ್ಲಿ ಬಿಡುಗಡೆಯಾದ ಗೌ ಚಿಪ್ ಈ ಕೆಲಸಕ್ಕೇ ಇರುವುದು.

ಅರ್ಧ ರಕ್ತದ ಹೋರಿಯ ಸೀಮೆನ್ ಹಾಕೋಣ ಅಂದೆ. ಕರುವಿನಲ್ಲಿ ಎಚ್‌ಎಫ್ ಶೇ. 62.5ಕ್ಕೆ ಇಳಿಯುತ್ತದೆ.

"ಎರಡು ಲೀಟರ್ ಕಡಿಮಿ ಆದ್ರ ಯಾರು ಕೊಡ್ತಾರ್ರೀ?" ಮನೆಯಾಕೆ ಕೇಳಿದರು.

ಕಾಗದ ತಿರುವಿದೆ. 21 ದಿನಕ್ಕೊಂದು ಬೆದೆ, ಮೂರು ಸಲ ತಪ್ಪಿದರೆ 63 ದಿನ ಗಬ್ಬವಿಲ್ಲದೆ ಸುಮ್ನೆ ಹಿಂಡಿ ಹಾಕಿದಂತೆ. "ಅಕ್ಕಾ, ದಿನದ ಹಿಂಡಿ ಖರ್ಚು ಎಷ್ಟು ಹೇಳ್ರಿ" ಅಂದೆ.