ಪದ ಪರಿಚಯ: ಅಲ್ಟ್ರಾಸೌಂಡ್ ಥೆರಪಿ

ಕಿವಿಗೆ ಕೇಳದಷ್ಟು ವೇಗದ ಧ್ವನಿ ಕಂಪನವನ್ನು ಚರ್ಮದ ಮೇಲಿಂದ ಒಳಕ್ಕೆ ಕಳಿಸಿ, ಪೆಟ್ಟಾದ ಅಥವಾ ಬಿಗಿದ ಭಾಗವನ್ನು ಬಿಸಿ ಮಾಡುವ ಇಲ್ಲವೇ ಮೆಲ್ಲಗೆ ಕದಲಿಸುವ ಫಿಜಿಯೋಥೆರಪಿ ವಿಧಾನಕ್ಕೆ ಅಲ್ಟ್ರಾಸೌಂಡ್ ಥೆರಪಿ ಎನ್ನುತ್ತಾರೆ. ಕಲಬುರಗಿ, ಯಾದಗಿರಿ ಕಡೆ ಫಿಜಿಯೋ ಬಳಿ ಇರುವ ಎಲ್ಲ ಯಂತ್ರಗಳಿಗೂ ಸೇರಿಸಿ ಜನ ಹೇಳುವುದು ಒಂದೇ ಮಾತು: ‘ಟೊಂಕಕ್ಕ ಕರೆಂಟ್ ಹಚ್ಚಿಸ್ಕೊಂಡು ಬಂದೀನ್ರಿ.’ ಆದರೆ ಇದರಲ್ಲಿ ಕರೆಂಟ್ ಮೈಯೊಳಗೆ ಹೋಗುವುದೇ ಇಲ್ಲ. ಪ್ಯಾಡ್ ಅಂಟಿಸಿ ನಿಜಕ್ಕೂ ಕರೆಂಟ್ ಹಾಯಿಸಿ ಜುಮುಜುಮು ಎನಿಸುವ ಟೆನ್ಸ್, ಐಎಫ್‌ಟಿ ಯಂತ್ರಗಳು ಬೇರೆ. ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಬೇರೆ. ಅದು ಒಳಗಿಂದ ಮರಳಿ ಬರುವ ಧ್ವನಿಯನ್ನು ಹಿಡಿದು ಚಿತ್ರ ಮಾಡುತ್ತದೆ. ಥೆರಪಿ ಯಂತ್ರ ಧ್ವನಿಯನ್ನು ಒಳಗೆ ಬಿಡುತ್ತದೆ ಅಷ್ಟೇ, ಏನನ್ನೂ ತೋರಿಸುವುದಿಲ್ಲ.

ಯಂತ್ರದ ಭಾಗಗಳು ಹೆಚ್ಚಿಲ್ಲ. ಒಂದು ಪೆಟ್ಟಿಗೆ, ಒಂದು ವೈರು, ವೈರಿನ ತುದಿಗೆ ಕೈಯಲ್ಲಿ ಹಿಡಿಯುವ ಹೆಡ್. ಹೆಡ್ಡಿನ ಲೋಹದ ತಟ್ಟೆಯ ಹಿಂದೆ ಪೀಜೋ ಹರಳು ಇರುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟುವ ಇಂಥ ಹರಳುಗಳ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಕೊಂಡರು. ಅದೇ ಗುಣವನ್ನು ತಿರುವಿ, ವಿದ್ಯುತ್ ಕೊಟ್ಟು ಹರಳನ್ನು ನಡುಗಿಸಿ ನೀರಿನೊಳಗೆ ಅಲ್ಟ್ರಾಸೌಂಡ್ ಹೊರಡಿಸಿದವನು ಫ್ರಾನ್ಸಿನದೇ ಭೌತವಿಜ್ಞಾನಿ ಪಾಲ್ ಲ್ಯಾಂಜೆವಿನ್. ಅದು ಮೊದಲ ಮಹಾಯುದ್ಧದ ಕಾಲ, ಉದ್ದೇಶ ಜಲಾಂತರ್ಗಾಮಿಗಳ ಪತ್ತೆ. ಇಂದಿನ ಹೆಡ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಂಗಾಣಿ ಹರಳು. ಕೈಜಾರಿ ಶಹಾಬಾದಿ ಫರ್ಸಿಯ ಮೇಲೆ ಬಿತ್ತೋ, ಹೊರಗೆ ಗೀರು ಕಾಣದಿದ್ದರೂ ಒಳಗೆ ಸೀಳಿರಬಹುದು.

ಯಂತ್ರದ ಮೇಲೆ 1 ಮತ್ತು 3 ಮೆಗಾಹರ್ಟ್ಜ್ ಎಂಬ ಎರಡು ಆಯ್ಕೆ ಇರುತ್ತವೆ, ಅಂದರೆ ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಕಂಪನ. ಈ ಎಣಿಕೆಯೇ ಆವರ್ತನ. ಆವರ್ತನ ಕಡಿಮೆಯಾದಷ್ಟೂ ಧ್ವನಿ ಆಳಕ್ಕೆ ಇಳಿಯುತ್ತದೆ. 1 ಮೆಗಾಹರ್ಟ್ಜ್ ಸುಮಾರು 3ರಿಂದ 5 ಸೆಂ.ಮೀ. ಆಳಕ್ಕೆ, 3 ಮೆಗಾಹರ್ಟ್ಜ್ 1ರಿಂದ 2 ಸೆಂ.ಮೀ. ಆಳಕ್ಕೆ. ಮೊಣಕೈ, ಮಣಿಕಟ್ಟು, ಹಿಮ್ಮಡ, ಮೊಣಕಾಲಿನ ಬದಿ ಎಲ್ಲ ಚರ್ಮಕ್ಕೆ ಹತ್ತಿರ, ಅಲ್ಲಿ 3 ಸರಿ. ‘ಹೆಚ್ಚು ನಂಬರ್ ಇಟ್ರೆ ಹೆಚ್ಚು ಒಳಗೆ ಹೋಗ್ತದ’ ಎಂದುಕೊಂಡವರು ತೊಡೆಯ ಆಳದ ಗಾಯಕ್ಕೆ 3 ಇಡುತ್ತಾರೆ, ಬಿಸಿ ಮೇಲೇ ಉಳಿಯುತ್ತದೆ.

ಒಳಗೆ ಹೋದ ಧ್ವನಿಯನ್ನು ಎಲ್ಲ ಭಾಗವೂ ಒಂದೇ ಸಮ ಹೀರುವುದಿಲ್ಲ. ಕೊಲಾಜೆನ್ ನಾರು ದಟ್ಟವಾಗಿರುವ ಕಡೆ ಹೆಚ್ಚು ಹೀರುತ್ತದೆ: ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್, ಎಲುಬಿಗೆ ಎಲುಬು ಕಟ್ಟುವ ಲಿಗಮೆಂಟ್, ಕೀಲಿನ ಸುತ್ತಲಿನ ಚೀಲ, ಹಳೆ ಗಾಯದ ಗಂಟು. ಕೊಬ್ಬಿನಲ್ಲಿ ಬಹುಪಾಲು ಹಾಗೇ ದಾಟಿ ಹೋಗುತ್ತದೆ, ಮಾಂಸಖಂಡ ಇವೆರಡರ ನಡುವೆ. ಎಲುಬಿನ ಮೇಲ್ಪದರ ಮಾತ್ರ ಚೆನ್ನಾಗಿ ಹೀರಿ ಬೇಗ ಕಾಯುತ್ತದೆ. ಹೆಡ್ ಒಂದೇ ಕಡೆ ನಿಂತಾಗ ಎಲುಬಿನೊಳಗೆ ಚುಚ್ಚಿದಂತಾಗುವುದು ಇದೇ ಕಾರಣಕ್ಕೆ. ಉಪ್ಪಿನ ಗಂಟು, ಬಿಸಿನೀರಿನ ಚೀಲ ಚರ್ಮವನ್ನೂ ಅದರ ಕೆಳಗಿನ ಸ್ವಲ್ಪ ಭಾಗವನ್ನೂ ಕಾಯಿಸುತ್ತವೆ. ಅಲ್ಟ್ರಾಸೌಂಡ್ ಚರ್ಮವನ್ನು ಹೆಚ್ಚು ಕಾಯಿಸದೆ ಕೆಳಗಿನ ನಾರನ್ನು ಕಾಯಿಸುತ್ತದೆ. ಹಾಗಾಗಿ ‘ಬಿಸಿ ಏನೂ ಹತ್ತಲಿಲ್ಲ್ರೀ’ ಎಂದು ರೋಗಿ ಹೇಳಿದರೆ ಯಂತ್ರ ಕೆಟ್ಟಿದೆ ಎಂದೇನಲ್ಲ.

ಡೋಸ್ ಎಲ್ಲಿ ತಪ್ಪುತ್ತದೆ

ಈ ಚಿಕಿತ್ಸೆಯ ಗುಟ್ಟೆಲ್ಲ ಡೋಸಿನಲ್ಲಿದೆ, ಅದು ಹಾಳಾಗುವುದು ಜಾಗದ ಅಳತೆಯಲ್ಲಿ. ಸಾಮಾನ್ಯ ಹೆಡ್ಡಿನಿಂದ ನಿಜವಾಗಿ ಧ್ವನಿ ಹೊರಡುವ ಜಾಗ ಸುಮಾರು 5 ಚದರ ಸೆಂ.ಮೀ.; ಕಣ್ಣಿಗೆ ಕಾಣುವ ತಟ್ಟೆಗಿಂತ ತುಸು ಕಡಿಮೆಯೇ. ಒಮ್ಮೆಗೆ ಚಿಕಿತ್ಸೆ ಕೊಡಬೇಕಾದ ಜಾಗ ಇದರ 2 ಪಟ್ಟು, ಹೆಚ್ಚೆಂದರೆ 3 ಪಟ್ಟು. ಈಗ ಇಡೀ ಟೊಂಕಕ್ಕೆ 5 ನಿಮಿಷ ಹೆಡ್ ಉಜ್ಜಿ ಕಳಿಸುವ ರೂಢಿಯನ್ನು ಲೆಕ್ಕ ಹಾಕಿ ನೋಡಿ. ಟೊಂಕದ ಜಾಗ 200 ಚದರ ಸೆಂ.ಮೀ. ಎಂದುಕೊಂಡರೆ ಅದು 40 ಹೆಡ್ಡಿನಷ್ಟು. 300 ಸೆಕೆಂಡನ್ನು 40 ಪಾಲು ಮಾಡಿದರೆ ಒಂದೊಂದು ಜಾಗಕ್ಕೆ ಸಿಗುವುದು ಏಳೂವರೆ ಸೆಕೆಂಡು. ಅಷ್ಟರಲ್ಲಿ ಜೆಲ್ ಹಚ್ಚಿದ ತಂಪು ಬಿಟ್ಟರೆ ಬೇರೇನೂ ಆಗುವುದಿಲ್ಲ. ಗಣಿಯಲ್ಲಿ ಕಲ್ಲು ಎತ್ತಿ ಟೊಂಕ ಹಿಡಿದವರಿಗೆ, ತೊಗರಿ ಕೊಯ್ದು ಬಗ್ಗಲಾಗದವರಿಗೆ ಹತ್ತು ದಿನ ಹೀಗೆ ಉಜ್ಜುವುದಕ್ಕಿಂತ ಆ ಹೊತ್ತನ್ನು ವ್ಯಾಯಾಮ ಕಲಿಸಲು ಬಳಸುವುದು ಮೇಲು.

ಬಿಸಿಯ ಲೆಕ್ಕವೂ ಗೊತ್ತಿರುವುದೇ. ಬಿಡದೆ ಹರಿಯುವ ಅಲೆಯನ್ನು ಚದರ ಸೆಂ.ಮೀ.ಗೆ 1 ವ್ಯಾಟ್‌ನಂತೆ 2 ಹೆಡ್ಡಿನಷ್ಟು ಜಾಗಕ್ಕೆ ಕೊಟ್ಟರೆ, 3 ಮೆಗಾಹರ್ಟ್ಜ್‌ನಲ್ಲಿ ನಿಮಿಷಕ್ಕೆ ಸುಮಾರು 0.6 ಡಿಗ್ರಿ ಏರುತ್ತದೆ, 1 ಮೆಗಾಹರ್ಟ್ಜ್‌ನಲ್ಲಿ ಸುಮಾರು 0.2 ಡಿಗ್ರಿ ಮಾತ್ರ. ನೋವು, ಸೆಡೆತ ಇಳಿಯಲು 2ರಿಂದ 3 ಡಿಗ್ರಿ ಏರಬೇಕು. ಬಿಗಿದ ನಾರು ಹಿಗ್ಗಬೇಕಾದರೆ 4 ಡಿಗ್ರಿ. ಎಂದರೆ ಮೊಣಕೈಗೆ 5 ನಿಮಿಷ ಸಾಕಾದೀತು, ಅದೇ ಡೋಸಿನಲ್ಲಿ ಆಳದ ಭಾಗಕ್ಕೆ 10 ನಿಮಿಷ ಕೊಟ್ಟರೂ ಏರುವುದು 2 ಡಿಗ್ರಿ ಅಷ್ಟೇ.

ಹೊಸ ಪೆಟ್ಟಿಗೆ ಬಿಸಿ ಬೇಡ. ಪಾದ ಹೊರಳಿ ಉಳುಕಿದ ಮೊದಲ ದಿನಗಳಲ್ಲಿ ಒಳಗೆ ರಕ್ತ ಒಸರುತ್ತಿರುತ್ತದೆ; ಆಗ ಐಸ್, ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರದಲ್ಲಿ ಇಡುವುದು. ಒಸರುವುದು ನಿಂತ ಮೇಲೆ ಬೇಕಿದ್ದರೆ ತುಂಡು ತುಂಡಾದ ಅಲೆ, ಅಂದರೆ ಪಲ್ಸ್ಡ್. 1:4 ಎಂದರೆ 1 ಪಾಲು ಹೊತ್ತು ಧ್ವನಿ, 4 ಪಾಲು ಬಿಡುವು. ತೀವ್ರತೆ 0.1ರಿಂದ 0.3 ವ್ಯಾಟ್. ಬಿಡುವು ಇರುವುದರಿಂದ ಸಮಯ ಹೆಚ್ಚು ಬೇಕು: ಹೆಡ್ಡಿನಷ್ಟು ಜಾಗ ಒಂದಕ್ಕೆ 1 ನಿಮಿಷ ಎಂದಿಟ್ಟುಕೊಂಡು, 1:4 ಆದರೆ ಅದನ್ನು 5ರಿಂದ ಗುಣಿಸಬೇಕು. 2 ಹೆಡ್ಡಿನ ಜಾಗಕ್ಕೆ 10 ನಿಮಿಷವಾಯಿತು. ವಾರಗಳು ಕಳೆದು ನೋವು ಹಳತಾದಂತೆ ಬಿಡುವು ಕಡಿಮೆ, ತೀವ್ರತೆ ಹೆಚ್ಚು.

ಒಂದು ಮೊಣಕೈಗೆ ಕೊಡುವ ಕ್ರಮ

ಬೀದರಿನಲ್ಲಿ ಬಿದರಿ ಪಾತ್ರೆಯ ಮೇಲೆ ದಿನವಿಡೀ ಉಳಿ ಹಿಡಿದು ಚಿತ್ತಾರ ಕೊರೆಯುವವರಿಗೆ, ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಮೊಣಕೈ ಹೊರಬದಿಯ ನೋವು ಬರುವುದುಂಟು. ಟೆನಿಸ್ ಎಲ್ಬೋ ಎಂದು ಚೀಟಿಯಲ್ಲಿ ಬರೆದಾಗ, ಬ್ಯಾಟನ್ನೇ ಮುಟ್ಟದವರು ನಗುವುದೂ ಉಂಟು. ಜಾಗ ಚಿಕ್ಕದು, ಚರ್ಮದ ಕೆಳಗೇ ಇದೆ, ನಾರಿನದು. ಅಲ್ಟ್ರಾಸೌಂಡಿಗೆ ಹೊಂದುವ ಜಾಗ ಎಂದರೆ ಇಂಥದ್ದು.

ಮೊದಲು ಬಾಮು, ಕುಸುಬಿ ಎಣ್ಣೆ ಏನೇ ಹಚ್ಚಿಕೊಂಡು ಬಂದಿದ್ದರೂ ಸೋಪು ಹಾಕಿ ಒರೆಸಬೇಕು. ಬಿಸಿ–ತಣ್ಣಗಿನ ಎರಡು ನೀರಿನ ಟ್ಯೂಬ್ ಮುಟ್ಟಿಸಿ, ಯಾವುದು ಬಿಸಿ ಎಂದು ಕಣ್ಣುಮುಚ್ಚಿಕೊಂಡು ಹೇಳಲು ಬರುತ್ತದೋ ನೋಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಬಿಡಲೇಬಾರದು. ಮೊಣಕೈ ತುಸು ಮಡಚಿ ದಿಂಬಿನ ಮೇಲೆ ಇಡಿಸಿ, ಎಲುಬಿನ ಉಬ್ಬಿನ ಮೇಲಲ್ಲ, ಅದಕ್ಕಿಂತ ತುಸು ಮುಂದೆ ಟೆಂಡನ್ ಇರುವಲ್ಲಿ ಜೆಲ್ ಹಾಕಬೇಕು. 3 ಮೆಗಾಹರ್ಟ್ಜ್, ಬಿಡದ ಅಲೆ, 1 ವ್ಯಾಟ್, 5 ನಿಮಿಷ. ಹೆಡ್ ಚರ್ಮಕ್ಕೆ ಪೂರ್ತಿ ಕೂತಿರಬೇಕು, ಸೆಕೆಂಡಿಗೆ ಸುಮಾರು 4 ಸೆಂ.ಮೀ.ನಂತೆ ಸಣ್ಣ ಸುತ್ತು. ಜೋರಾಗಿ ಓಡಿಸಿದರೆ ಹೆಡ್ ಎದ್ದು ನಡುವೆ ಗಾಳಿ ಸೇರುತ್ತದೆ, ಜಾಗವೂ ತಿಳಿಯದೇ ಹಿಗ್ಗುತ್ತದೆ. ನಿಲ್ಲಿಸಿದರೆ ಒಂದೇ ಚುಕ್ಕಿ ಸುಡುತ್ತದೆ, ಏಕೆಂದರೆ ತಟ್ಟೆಯ ಎಲ್ಲ ಕಡೆಯಿಂದಲೂ ಧ್ವನಿ ಒಂದೇ ಸಮ ಬರುವುದಿಲ್ಲ. ಸರಾಸರಿಗಿಂತ ಎಷ್ಟು ಪಟ್ಟು ಜೋರು ಚುಕ್ಕಿ ಇದೆ ಎಂಬ ಅನುಪಾತವನ್ನು ಹೆಡ್ಡಿನ ಮೇಲೆ ಅಥವಾ ಜೊತೆಯ ಪುಸ್ತಿಕೆಯಲ್ಲಿ ಬರೆದಿರುತ್ತಾರೆ: 4 ಒಳ್ಳೆಯದು, 6ರವರೆಗೆ ನಡೆದೀತು, 8 ದಾಟಿದ ಹೆಡ್ ಬೇಡ. ರೋಗಿಗೆ ಮೊದಲೇ ಹೇಳಿರಬೇಕು: ‘ಎಲುಬಿನಾಗ ಚುಚ್ಚಿದಂಗ, ಸುಟ್ಟಂಗ ಆದ್ರ ಕೂಡ್ಲೇ ಹೇಳ್ರಿ, ತಡಕೊಂಡು ಕೂಡಬ್ಯಾಡ್ರಿ.’ ನಮ್ಮ ಕಡೆಯವರು ತಡೆದುಕೊಂಡೇ ಕೂಡುತ್ತಾರೆ.

ಯಂತ್ರ ನಿಂತ ಕೂಡಲೇ ಎದ್ದು ಹೋಗಲು ಬಿಡಬಾರದು. ಏರಿದ ಬಿಸಿ ಇಳಿಯಲು ಹೊತ್ತೇನೂ ಬೇಡ. ನಾರು ಚೆನ್ನಾಗಿ ಹಿಗ್ಗುವ ಅವಧಿ ಸುಮಾರು 3 ನಿಮಿಷ. ಜೆಲ್ ಒರೆಸುತ್ತಲೇ ಮೊಣಕೈ ನೇರ ಮಾಡಿ, ಅಂಗೈ ಕೆಳಮುಖ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಕೆಳಕ್ಕೆ ಬಾಗಿಸಿ 30 ಸೆಕೆಂಡು ಹಿಡಿಯಬೇಕು. 3 ಸಲ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲೆತ್ತಿ, ನೋವಿನ ಕೈಯಿಂದಲೇ ಮೆಲ್ಲಗೆ ಇಳಿಸುವುದು. 15ರಂತೆ 3 ಸುತ್ತು, ದಿನಾ, ತಿಂಗಳುಗಟ್ಟಲೆ. ಟೆಂಡನ್ ಬಲ ಪಡೆಯುವುದು ಇದರಿಂದ. ಮಷಿನ್ನಿನದು ಇದಕ್ಕೆ ದಾರಿ ಮಾಡಿಕೊಡುವ ಕೆಲಸ. ನಾಲ್ಕಾರು ಸಲ ಕೊಟ್ಟರೂ ನೋವಿನಲ್ಲಾಗಲಿ ಚಲನೆಯಲ್ಲಾಗಲಿ ವ್ಯತ್ಯಾಸ ಕಾಣದಿದ್ದರೆ ಅಲ್ಟ್ರಾಸೌಂಡ್ ನಿಲ್ಲಿಸಿ, ವ್ಯಾಯಾಮ ಮುಂದುವರಿಸುವುದು ಸರಿ.

ಜೆಲ್, ನೀರು, ಗಾಳಿ

ಹೆಡ್ಡಿಗೂ ಚರ್ಮಕ್ಕೂ ನಡುವೆ ತೆಳ್ಳನೆ ಗಾಳಿ ಪದರ ಇದ್ದರೂ ಧ್ವನಿ ಹೆಚ್ಚುಕಡಿಮೆ ಎಲ್ಲವೂ ಹಿಂದಕ್ಕೆ ಪುಟಿಯುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಹತ್ತು ನಿಮಿಷದಲ್ಲಿ ಜೆಲ್ ಒಣಗಿಬಿಡುತ್ತದೆ. ನಡುವೆ ಒಮ್ಮೆ ಹಾಕಬೇಕು. ನೋವಿನ ಔಷಧಿ ಇರುವ ಜೆಲ್ಲನ್ನೇ ಬಳಸಿ ಔಷಧಿ ಒಳಗೆ ತಳ್ಳುವ ಕ್ರಮಕ್ಕೆ ಫೋನೋಫೊರೆಸಿಸ್ ಎಂದು ಹೆಸರು. ಪಾರದರ್ಶಕ ಜೆಲ್ ಆದರೆ ಧ್ವನಿ ದಾಟುತ್ತದೆ, ಬಿಳಿಯ ದಪ್ಪ ಕ್ರೀಮುಗಳಲ್ಲಿ ಹಲವು ಧ್ವನಿಯನ್ನೇ ತಡೆಯುತ್ತವೆ. ಜೆಲ್ ಬಾಟಲಿಯನ್ನು ತೊಳೆಯದೇ ದೊಡ್ಡ ಕ್ಯಾನಿನಿಂದ ಮತ್ತೆ ಮತ್ತೆ ತುಂಬಿಸುವುದರಿಂದ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಇದೊಂದು ಚಾಳಿ ಬಿಡಬೇಕು.

ಪಾದದ ಗಂಟು, ಬೆರಳು ಇಂಥ ಉಬ್ಬುತಗ್ಗಿನ ಕಡೆ ಹೆಡ್ ಕೂಡುವುದಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ ಕಾಯಿಸಿ ಆರಿಸಿದ ನೀರು ಹಾಕಿ, ಹೆಡ್ಡನ್ನು ಚರ್ಮದಿಂದ 1 ಸೆಂ.ಮೀ. ದೂರ ಹಿಡಿದು ಕೊಡಬೇಕು. ಹೆಡ್ ನೀರಿಗೆ ತಡೆಯುವಂಥದ್ದೇ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿನಲ್ಲಿ ಗಾಳಿಗುಳ್ಳೆ ಬಹಳ. ಚರ್ಮಕ್ಕೆ ಅಂಟಿದ ಗುಳ್ಳೆಗಳನ್ನು ಒರೆಸುತ್ತಿರಬೇಕು.

ಹೆಡ್ ಬದುಕಿದೆಯೋ ಇಲ್ಲವೋ ನೋಡಲು ಅಂಚಿಗೆ ಟೇಪು ಸುತ್ತಿ ಬಟ್ಟಲಿನಂತೆ ಮಾಡಿ, ನಾಲ್ಕು ಹನಿ ನೀರು ಹಾಕಿ 1 ವ್ಯಾಟ್‌ಗೆ ಏರಿಸಿ. ನೀರು ನಡುಗಿ ಏಳಬೇಕು. ಕೆಲವೇ ಸೆಕೆಂಡು ಸಾಕು, ಹೆಚ್ಚು ಹೊತ್ತಾದರೆ ಹರಳು ಕಾಯುತ್ತದೆ. ನಡುಗಿತು ಎಂದ ಮಾತ್ರಕ್ಕೆ ಪರದೆಯ ಮೇಲಿನ ಅಂಕಿ ನಿಜವೆಂದಲ್ಲ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್, ಅಂದರೆ ಹೊರಡುವ ಧ್ವನಿಯನ್ನು ಅಳೆದು ಅಂಕಿಗೆ ಸರಿಹೊಂದಿಸುವ ಕೆಲಸ, ಮಾಡಿಸದೆ ಅದು ತಿಳಿಯುವುದಿಲ್ಲ.

ಕೆಲಸ ಮಾಡುತ್ತದೆಯೇ

ಸಂಶೋಧನೆಗಳು ಈ ಯಂತ್ರವನ್ನು ಹೊಗಳುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ವಿಮರ್ಶೆ 35 ಪ್ರಯೋಗಗಳನ್ನು ಜಾಲಾಡಿ, ವಿಧಾನ ಸರಿಯಿದ್ದ 10ನ್ನು ಮಾತ್ರ ಉಳಿಸಿಕೊಂಡಿತು. ಧ್ವನಿ ಬಿಡದೆ ಕೊಟ್ಟಂತೆ ಮಾಡುವ ಸುಳ್ಳು ಚಿಕಿತ್ಸೆಗಿಂತ ಅಲ್ಟ್ರಾಸೌಂಡ್ ಮೇಲೆಂದು ಕಂಡದ್ದು 2ರಲ್ಲಿ: ಮಣಿಕಟ್ಟಿನಲ್ಲಿ ನರ ಒತ್ತುವ ಕಾರ್ಪಲ್ ಟನಲ್, ಭುಜದ ಟೆಂಡನ್ನಿನಲ್ಲಿ ಕ್ಯಾಲ್ಸಿಯಂ ಕಟ್ಟಿದ ನೋವು. ಎರಡೂ ವಿಯೆನ್ನಾದವು. ಎರಡರಲ್ಲೂ ಒಂದೊಂದು ಸಲಕ್ಕೆ 15 ನಿಮಿಷ, ಕ್ರಮವಾಗಿ 20 ಮತ್ತು 24 ಸಲ. ಭುಜದ ಪ್ರಯೋಗದಲ್ಲಿ ಆರು ವಾರಕ್ಕೆ ಕಂಡ ಲಾಭ ಒಂಬತ್ತು ತಿಂಗಳಿಗೆ ಗಣನೀಯವಾಗಿ ಉಳಿದಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾದದ ಉಳುಕಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕೋಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಹೇಳಿತು. ಮೊಣಕಾಲಿನ ಸವೆತಕ್ಕೆ ಸ್ವಲ್ಪ ಇರಬಹುದು ಎಂದು 2010ರದು, ಆಧಾರ ಗಟ್ಟಿಯಲ್ಲ. ಮುರಿದ ಎಲುಬು ಬೇಗ ಕೂಡಲೆಂದು ಮನೆಯಲ್ಲೇ ದಿನಕ್ಕೆ 20 ನಿಮಿಷ ಹಚ್ಚಿಕೊಳ್ಳುವ, ಚದರ ಸೆಂ.ಮೀ.ಗೆ 30 ಮಿಲಿವ್ಯಾಟ್‌ನ ಸಾಧನ ಬೇರೆಯೇ ಇದೆ. ಅದನ್ನು ವಾಡಿಕೆಯಾಗಿ ಬಳಸಬೇಡಿ ಎಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿ ಬಲವಾಗಿ ಹೇಳಿತು.

ಹಾಗಾದರೆ ಯಾರಿಗೆ ಕೊಡಲೇಬಾರದು? ಗರ್ಭಿಣಿಯರ ಹೊಟ್ಟೆ, ಟೊಂಕದ ಮೇಲೆ, ಕ್ಯಾನ್ಸರ್ ಗಂಟಿನ ಮೇಲೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಕಣ್ಣು, ವೃಷಣ, ಪೇಸ್‌ಮೇಕರ್ ಬಳಿ, ಕೀವಾದ ಕಡೆ, ಬೆನ್ನೆಲುಬಿನ ಕಮಾನು ತೆಗೆದ ಆಪರೇಶನ್ ಆದ ಜಾಗಕ್ಕೆ. ಬೆಳೆಯುವ ಮಕ್ಕಳ ಎಲುಬಿನ ತುದಿಗೆ ಬೇಡ. ಬದಲಿ ಕೀಲು ಹಾಕಿಸಿಕೊಂಡ ಮೊಣಕಾಲಿಗೂ ಬೇಡ, ಅದರ ಪ್ಲಾಸ್ಟಿಕ್, ಸಿಮೆಂಟು ಬಿಸಿ ಹಿಡಿಯುತ್ತವೆ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಎಲುಬಿನ ಕ್ಷಯವೋ ಎಂದು ಮೊದಲು ಡಾಕ್ಟರು ನೋಡಲಿ.

ದುಡಿಯಲು ಪುಣೆ, ಮುಂಬೈಗೆ ಹೋಗಿಬರುವವರ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಹೆಚ್ಚು. ಅಂಥವರ ಕಾರ್ಡಿನಲ್ಲಿ ‘ಯುಎಸ್‌ಟಿ 5 ನಿಮಿಷ’ (ಯುಎಸ್‌ಟಿ ಎಂದರೆ ಅಲ್ಟ್ರಾಸೌಂಡ್ ಥೆರಪಿ) ಎಂದಷ್ಟೇ ಗೀಚಿದರೆ ಮುಂದಿನ ಊರಿನ ಫಿಜಿಯೋಗೆ ಏನೂ ತಿಳಿಯುವುದಿಲ್ಲ. ‘ಬಲ ಮೊಣಕೈ ಹೊರಬದಿ, 10 ಚದರ ಸೆಂ.ಮೀ., 3 ಮೆಗಾಹರ್ಟ್ಜ್, ಬಿಡದ ಅಲೆ, 1 ವ್ಯಾಟ್, 5 ನಿಮಿಷ, 4ನೇ ಸಲ. ವ್ಯಾಯಾಮ ಅರ್ಧ ಕೆ.ಜಿ., 15ರಂತೆ 3’ ಎಂದು ಬರೆಯಲು ಒಂದು ಸಾಲು ಜಾಗ ಸಾಕು.