ಪದ ಪರಿಚಯ: ಅಗೋಚರ ಜಲನಷ್ಟ

ಬೆವರು ಸುರಿಯದಿದ್ದರೂ, ಮೂತ್ರಕ್ಕೆ ಹೋಗದಿದ್ದರೂ ಮೈಯೊಳಗಿನ ನೀರು ಹಗಲು ರಾತ್ರಿ ಆವಿಯಾಗಿ ಹೊರಹೋಗುತ್ತಲೇ ಇರುತ್ತದೆ. ಒಂದು ಪಾಲು ಚರ್ಮದಿಂದ, ಇನ್ನೊಂದು ಪಾಲು ಉಸಿರಿನ ಜೊತೆಗೆ. ಇದಕ್ಕೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಅಗೋಚರ ಜಲನಷ್ಟ. ತಂಪು ಹವೆಯಲ್ಲಿ ಸುಮ್ಮನೆ ಕುಳಿತ ವಯಸ್ಕರಲ್ಲೂ ಎರಡೂ ಸೇರಿ ದಿನಕ್ಕೆ ಸುಮಾರು 700 ಮಿ.ಲೀ. ಆಗುತ್ತದೆ. ಇಟಲಿಯ ವೈದ್ಯ ಸ್ಯಾಂಟೋರಿಯೊ ತಕ್ಕಡಿಗೆ ಕಟ್ಟಿದ ಕುರ್ಚಿಯಲ್ಲಿ ಕುಳಿತು ತನ್ನ ತೂಕ, ತಿಂದದ್ದು, ಕುಡಿದದ್ದು, ಮಲಮೂತ್ರ ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ತಾಳೆಯಾಗದೆ ಉಳಿದ ದೊಡ್ಡ ಪಾಲು ಇದೇ ಎಂದು 1614ರಲ್ಲಿ ಬರೆದ.

ಇದರ ಜೊತೆಗೆ ಮೂತ್ರ ಸುಮಾರು 1.4 ಲೀಟರ್, ಮಲದಲ್ಲಿ 100 ಮಿ.ಲೀ., ಬೆವರು ಇನ್ನೊಂದು 100 ಮಿ.ಲೀ. ಒಟ್ಟು 2.3 ಲೀಟರ್. ಇದು ತಂಪು ದಿನದ ಲೆಕ್ಕ. ಕಲಬುರಗಿಯ ಏಪ್ರಿಲ್, ಮೇ ತಿಂಗಳಿಗೆ ಇದು ಸಾಲುವುದಿಲ್ಲ.

ಮಣ್ಣಿನ ಗಡಿಗೆಯ ಮೈಯಿಂದ ನೀರು ಜಿನುಗಿ ಆರುವಂತೆ ಚರ್ಮದಿಂದಲೂ ನೀರು ಆರುತ್ತದೆ. ಚರ್ಮದ ಮೇಲ್ಪದರದ ಸತ್ತ ಕೋಶಗಳು ಮತ್ತು ಅವುಗಳ ನಡುವಿನ ಜಿಡ್ಡು ಇದಕ್ಕೆ ಕಡಿವಾಣ ಹಾಕುತ್ತವೆ. ಮೈ ಬಹುಪಾಲು ಸುಟ್ಟಾಗ ಆ ಪದರವೇ ಇಲ್ಲವಾಗಿ ನಷ್ಟ ದಿನಕ್ಕೆ 3ರಿಂದ 5 ಲೀಟರ್‌ಗೆ ಏರುತ್ತದೆ. ಸುಟ್ಟವರಿಗೆ ಕೂಡಲೇ ಸಲೈನ್ ಹಚ್ಚುವುದಕ್ಕೆ ಇದೂ ಒಂದು ಕಾರಣ. ಇನ್ನು ಉಸಿರು. ಎಳೆದುಕೊಂಡ ಗಾಳಿ ಶ್ವಾಸಕೋಶ ತಲುಪುವ ಮೊದಲೇ ಪೂರ್ತಿ ತೇವವಾಗುತ್ತದೆ. ಹೊರಬಿಡುವಾಗ ಮೂಗು ಆ ತೇವದಲ್ಲಿ ಸ್ವಲ್ಪವನ್ನು ಮರಳಿ ಹಿಡಿದುಕೊಳ್ಳುತ್ತದೆ, ಬಾಯಿ ಹಿಡಿಯುವುದಿಲ್ಲ. ಗಾಳಿ ಒಣಗಿದ್ದಷ್ಟೂ ನಷ್ಟ ಹೆಚ್ಚು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಗೋಚರ ನಷ್ಟ ಸುಮಾರು ಶೇ 10ರಷ್ಟು ಏರುತ್ತದೆ.

ಶಾಸ್ತ್ರದ ಪ್ರಕಾರ ಬೆವರು ಈ ಲೆಕ್ಕಕ್ಕೆ ಸೇರದು. ಅದು ಗ್ರಂಥಿಗಳು ಸುರಿಸುವ ಉಪ್ಪುನೀರು, ಅಗೋಚರ ನಷ್ಟದಲ್ಲಿ ಉಪ್ಪು ಹೋಗುವುದಿಲ್ಲ. ಆದರೆ ನಮ್ಮ ಭಾಗದ ಒಣ ಬಿಸಿಲಲ್ಲಿ ಬೆವರೂ ಕಣ್ಣಿಗೆ ಬೀಳುವುದಿಲ್ಲ, ನಿಜವಾದ ಅಪಾಯ ಇಲ್ಲಿದೆ. ಮಂಗಳೂರಿನ ತೇವದ ಹವೆಯಲ್ಲಿ ಬೆವರು ಆರದೆ ಅಂಗಿ ಒದ್ದೆಯಾಗುತ್ತದೆ, ನೀರು ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮಧ್ಯಾಹ್ನ ಚರ್ಮದ ಮೇಲೆ ಬಂದ ಬೆವರು ಬಂದಲ್ಲೇ ಆರುತ್ತದೆ. “ಬೆವರೇ ಬಂದಿಲ್ರಿ” ಎನ್ನುವವರ ಅಂಗಿಯ ಬೆನ್ನಿಗೆ ಸಂಜೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಎತ್ತರದಲ್ಲಿರುವ ಬೀದರ್‌ನಲ್ಲಿ ಧಗೆ ತುಸು ಕಡಿಮೆ, ಆದರೆ ಗಾಳಿ ಅಲ್ಲೂ ಒಣವೇ.

ಮೈ ಹೀಗೆ ನೀರು ಖರ್ಚು ಮಾಡುವುದಕ್ಕೆ ಕಾರಣವಿದೆ. ಚರ್ಮದ ಶಾಖ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದರೆ ಮೈ ತಣ್ಣಗಾಗಲು ಉಳಿಯುವ ದಾರಿ ಆವಿಯೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆದ್ದರಿಂದ 40 ಡಿಗ್ರಿ ಮೀರಿದ ಕೋಣೆಯಲ್ಲಿ ಬರೀ ಫ್ಯಾನ್ ನಂಬಬಾರದು. ಅದು ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ. ಮೊದಲು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡರೆ ಆರುವುದು ಆ ನೀರು, ಒಳಗಿನದಲ್ಲ. ಬಿಸಿಲಿಗೆ ಬರಿಮೈಯಲ್ಲಿ ನಿಂತವರಿಗಿಂತ ಸಡಿಲವಾದ ಹತ್ತಿಬಟ್ಟೆ ತೊಟ್ಟು, ತಲೆಗೆ ರುಮಾಲು ಸುತ್ತಿದವರು ಕಡಿಮೆ ಬೆವರುತ್ತಾರೆ.

ಶಹಾಬಾದ್ ಕಲ್ಲಿನ ಗಣಿಯಲ್ಲೋ ಉದ್ಯೋಗ ಖಾತರಿಯ ಹೂಳೆತ್ತುವ ಕೆಲಸದಲ್ಲೋ ಬಿಸಿಲಿಗೆ ದುಡಿಯುವವರು ಗಂಟೆಗೆ ಒಂದು ಲೀಟರ್ ಬೆವರುವುದು ಸಾಮಾನ್ಯ. ನಾಲ್ಕು ತಾಸಿಗೆ ನಾಲ್ಕು ಲೀಟರ್. ಜೊತೆಗೊಯ್ದ ಒಂದು ಬಾಟಲಿ ಎಲ್ಲಿಗೂ ಸಾಲದು. 60 ಕೆ.ಜಿ. ತೂಗುವವರಿಗೆ 1.2 ಲೀಟರ್ ಕಡಿಮೆಯಾದರೂ ಅದು ಮೈತೂಕದ ಶೇ 2. ಅಷ್ಟಕ್ಕೇ ದಣಿವು, ತಲೆನೋವು, ಗಮನ ತಪ್ಪುವುದು ಶುರುವಾಗಬಹುದು. ನಿಮ್ಮ ನಷ್ಟ ಎಷ್ಟೆಂದು ತಿಳಿಯಲು ಕೆಲಸಕ್ಕೆ ಮುಂಚೆ ಮತ್ತು ಬಂದ ಮೇಲೆ, ಎರಡು ಸಲವೂ ಮೂತ್ರ ಮಾಡಿ, ಒಣ ಬಟ್ಟೆಯಲ್ಲಿ ತೂಗಿ ನೋಡಿ. ಕಡಿಮೆಯಾದ ಪ್ರತಿ ಕೆ.ಜಿ.ಗೆ ಒಂದು ಲೀಟರ್. ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿ, ನಡುವೆ ಹೋದ ಮೂತ್ರ ಕಳೆಯಿರಿ.

ನೀರು ಕಡಿಮೆಯಾದಾಗ ಮೂತ್ರಪಿಂಡ ಮಾತ್ರ ಉಳಿತಾಯ ಮಾಡಬಲ್ಲದು, ಅದಕ್ಕೂ ಮಿತಿಯಿದೆ. ದಿನದ ಕಲ್ಮಶ ಹೊರಹಾಕಲು ಕನಿಷ್ಠ ಅರ್ಧ ಲೀಟರ್ ಮೂತ್ರ ಬೇಕೇ ಬೇಕು. ಮೂತ್ರ ಕಡು ಹಳದಿಯಾಗಿ, ಅಪರೂಪಕ್ಕೊಮ್ಮೆ ಬರುತ್ತಿದ್ದರೆ ಮೂತ್ರಪಿಂಡ ಆ ಮಿತಿಗೆ ಹತ್ತಿರವಾಗಿದೆ. ವರ್ಷಗಟ್ಟಲೆ ಹೀಗೇ ನಡೆದರೆ ಕಿಡ್ನಿ ಸ್ಟೋನ್ ಆಗುವ ಸಂಭವ ಹೆಚ್ಚು.

ಬಿಸಿಲಿನ ಕೆಲಸದಲ್ಲಿ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200-250 ಮಿ.ಲೀ. ಕುಡಿಯುವುದು ಸರಿಯಾದ ಕ್ರಮ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬೆವರಿನ ಜೊತೆ ಉಪ್ಪೂ ಹೋಗಿರುವಾಗ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಕೂಡ ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಇಲ್ಲಿನ ಮಂದಿಗೆ ಒಗ್ಗಿದ ಒಳ್ಳೆಯ ಉಪಾಯ. ವಾಂತಿ ಭೇದಿಯಾಗಿದ್ದರೆ ಒಆರ್‌ಎಸ್ಸೇ ಬೇಕು. ಒಂದು ಲೀಟರಿನ ಪೊಟ್ಟಣವನ್ನು ಇಡೀ ಒಂದು ಲೀಟರ್ ನೀರಿಗೇ ಕಲಸಬೇಕು. ಒಂದು ಲೋಟಕ್ಕೆ ಅಂದಾಜಿನ ಮೇಲೆ ಗಟ್ಟಿಯಾಗಿ ಕಲಸಿದರೆ ಅದು ಕರುಳಿಗೇ ನೀರು ಸೆಳೆದು ಭೇದಿ ಹೆಚ್ಚಿಸುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ.

ಮೈ ಕೆಂಡದಂತೆ ಸುಡುತ್ತ, ಮಾತು ತೊದಲುತ್ತಿದ್ದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯದು, ಕೇಳದಿದ್ದರೂ ಕೈಗೆ ಲೋಟ ಕೊಡಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿಸಿಕೊಂಡವರು, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಮಾರ್ಚ್‌ನಲ್ಲೇ ವೈದ್ಯರನ್ನು ಕಂಡು ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.