ಸ್ಪೂಲ್ ತಿರುಗುವ ಮೊದಲು

ಅಟ್ಟದಿಂದ ಇಳಿಸಿದ ಹಳೇ ಸ್ಪೂಲ್ ಟೇಪ್ ರೆಕಾರ್ಡರಿಗೆ ತಕ್ಷಣ ಪ್ಲಗ್ ಹಾಕಬೇಡಿ. ಮನೆಯಲ್ಲಿ ಉಳಿದಿರುವ ಒಂದೇ ಒಂದು ಟೇಪನ್ನು ಅದರ ಮೇಲೆ ಏರಿಸಲಂತೂ ಬೇಡಿ. ಯಂತ್ರ ಕೆಟ್ಟರೆ ಇನ್ನೊಂದನ್ನು ಹುಡುಕಬಹುದು. ಅಜ್ಜಿ ಹಾಡಿದ ಟೇಪು ಉಜ್ಜಿಹೋದರೆ ಹೋದ ಹಾಗೇ. ಯಂತ್ರದ ರಿಪೇರಿ ಅಂದರೆ ನನ್ನ ಪಾಲಿಗೆ ಟೇಪನ್ನು ಕಾಪಾಡುವ ಕೆಲಸ.

ರೆವಾಕ್ಸ್ ಎ77 ಅನ್ನೇ ನೋಡಿ. ಸ್ವಿಟ್ಜರ್ಲೆಂಡಿನ ವಿಲ್ಲಿ ಸ್ಟೂಡರ್ ಅವರ ಕಂಪನಿ 1967ರಲ್ಲಿ ಹೊರತಂದ ಯಂತ್ರ ಇದು. ಸ್ಟುಡಿಯೋದ ದೊಡ್ಡ ಯಂತ್ರಗಳಿಗೆ ಸ್ಟೂಡರ್ ಎಂಬ ಹೆಸರು, ಮನೆ ಬಳಕೆಯದಕ್ಕೆ ರೆವಾಕ್ಸ್. ಆದರೆ ಎ77 ಎಷ್ಟು ಗಟ್ಟಿಮುಟ್ಟಾಗಿತ್ತೆಂದರೆ ರೇಡಿಯೋದವರೂ ಸಣ್ಣ ಸ್ಟುಡಿಯೋದವರೂ ಇದನ್ನೇ ಇಟ್ಟುಕೊಂಡರು. ಒಳಗೆ ಮೂರು ಮೋಟಾರ್. ಎರಡು ಸ್ಪೂಲ್ ತಿರುಗಿಸುತ್ತವೆ. ಮೂರನೆಯದರ ಉಕ್ಕಿನ ಕಡ್ಡಿಯೇ ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್. ಅದರ ವೇಗವನ್ನು ಒಂದು ಸರ್ಕ್ಯೂಟ್ ಸದಾ ಅಳೆಯುತ್ತ ತಿದ್ದುತ್ತಿರುತ್ತದೆ. ಹಾಗಾಗಿ ಕರೆಂಟಿನ ಫ್ರೀಕ್ವೆನ್ಸಿ ಹೆಚ್ಚುಕಮ್ಮಿಯಾದರೂ ಹಾಡಿನ ಶ್ರುತಿ ಜಾರುವುದಿಲ್ಲ.

ಇಂಥ ಯಂತ್ರಗಳಲ್ಲಿ ಮೊದಲು ಸಾಯುವುದು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಸಣ್ಣ ಬಿಡಿಭಾಗಗಳಾದ ಕೆಪಾಸಿಟರ್‌ಗಳು. ಆ ಕಾಲದ ಕೆಲವು ಕೆಪಾಸಿಟರ್‌ಗಳ ಒಳಗೆ ಕಾಗದ, ಹೊರಗೆ ಗಾಜಿನಂಥ ಎಪಾಕ್ಸಿ ಮೈ. ವರ್ಷಗಳು ಕಳೆದಂತೆ ಆ ಮೈ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ. ಆಮೇಲೊಂದು ದಿನ ಸ್ವಿಚ್ ಹಾಕಿದರೆ ಸಾಕು, ಮನೆ ತುಂಬ ಹೊಗೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ತೊಂದರೆ ಬೇರೆ. ಅವುಗಳ ಒಳಗಿನ ದ್ರವ ನಿಧಾನವಾಗಿ ಆರಿಹೋಗುತ್ತದೆ, ಆಮೇಲೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು.

ಅದಕ್ಕೇ ನಮ್ಮ ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ನನಗೆ ಬಹಳ ಇಷ್ಟ. ಯಂತ್ರಕ್ಕೆ ಹೋಗುವ ಕರೆಂಟಿನ ದಾರಿಯಲ್ಲಿ 100 ವ್ಯಾಟಿನ ಹಳೇ ನಮೂನೆಯ ತಂತಿ ಬಲ್ಬ್ ಸೇರಿಸುತ್ತಾರೆ, ಅಷ್ಟೇ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡವು ಎಂದರ್ಥ. ಹಾಗೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ. ಯಂತ್ರ ಸುಡುವ ಬದಲು ಬಲ್ಬ್ ಉರಿದು ಹೇಳುತ್ತದೆ, ಅಲ್ವಾ? ಅದಕ್ಕೂ ಮೊದಲು ಹಿಂದುಗಡೆಯ ವೋಲ್ಟೇಜ್ ಸೆಲೆಕ್ಟರ್ ಎಲ್ಲಿದೆ ನೋಡಿಕೊಳ್ಳಿ. ಅಮೆರಿಕದಿಂದ ತಂದ ಯಂತ್ರ 110 ವೋಲ್ಟಿನಲ್ಲೇ ಕೂತಿರಬಹುದು.

ಕರೆಂಟಿನ ಕಡೆ ಸರಿಯಾದ ಮೇಲೆ ಟೇಪು ಓಡುವ ದಾರಿ. ಟೇಪಿನ ದನಿಯನ್ನು ಓದುವ ಹೆಡ್ ಮತ್ತು ಟೇಪಿಗೆ ದಾರಿ ತೋರುವ ಗೈಡುಗಳ ಮೇಲೆ ಕಂದು ಪುಡಿ ಅಂಟಿರುತ್ತದೆ. ಅದು ಸುಮ್ನೆ ಕೊಳೆಯಲ್ಲ, ಯಾವುದೋ ಟೇಪಿನಿಂದ ಉದುರಿದ ಐರನ್ ಆಕ್ಸೈಡ್, ಅಂದರೆ ಯಾರದೋ ದನಿಯ ಚೂರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ತೆಗೆಯಬೇಕು. ಟೇಪನ್ನು ಕ್ಯಾಪ್‌ಸ್ಟನ್‌ಗೆ ಒತ್ತಿಹಿಡಿಯುವ ರಬ್ಬರಿನ ಪಿಂಚ್ ರೋಲರನ್ನೂ ಉಗುರಿನಿಂದ ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಟೇಪು ಜಾರುತ್ತದೆ, ತಂಬೂರಿಯ ನಾದ ಅಲುಗಾಡುತ್ತದೆ.

ಇನ್ನು ಹೆಡ್. ಆಕಾಶವಾಣಿಯಲ್ಲೂ ದಶಕಗಳ ಕಾಲ ಕೆಲಸ ಮಾಡಿದ್ದು ಕಾಲಿಂಚು ಟೇಪೇ, ಅಗಲ ಸುಮಾರು 6.3 ಮಿಲಿಮೀಟರ್. ಅದು ಸೆಕೆಂಡಿಗೆ 19 ಸೆಂಟಿಮೀಟರ್ ಓಡುವಾಗ 10,000 ಹರ್ಟ್ಸಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಬರೀ 19 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದನ್ನು ಓದುವ ಹೆಡ್ಡಿನ ಸೀಳು ಟೇಪಿನ ಓಟಕ್ಕೆ ಸರಿಯಾಗಿ ಅಡ್ಡ ನಿಲ್ಲಬೇಕು. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ವಾಲಿದರೂ ಸೀಳಿನ ಮೇಲ್ತುದಿಗೂ ಕೆಳತುದಿಗೂ 11 ಮೈಕ್ರಾನ್ ವ್ಯತ್ಯಾಸ. ಮೇಲಿನ ತುದಿ ಅಲೆಯ ಏರು ಓದುವಾಗ ಕೆಳಗಿನದು ಇಳಿತ ಓದುತ್ತದೆ, ಒಂದನ್ನೊಂದು ಅಳಿಸಿಹಾಕುತ್ತವೆ. ಇಡೀ ಅಗಲ ಬಳಸುವ ಮೋನೋ ಟೇಪಿನಲ್ಲಿ ಆ ಮೇಲಿನ ಸ್ವರದ ಸಿಗ್ನಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗೆಜ್ಜೆಯ ಸದ್ದು ಕಂಬಳಿ ಹೊದ್ದಂತೆ ಕೇಳುವುದು ಹೀಗೆ.

ಯಂತ್ರ ಸಿದ್ಧವಾದರೂ ಟೇಪು ಸಿದ್ಧವಿರಬೇಕಲ್ಲ. 1970–80ರ ದಶಕದ ಕೆಲವು ಟೇಪುಗಳಲ್ಲಿ ಐರನ್ ಆಕ್ಸೈಡನ್ನು ಹಿಡಿದಿಡುವ ಪಾಲಿಯುರಿಥೇನ್ ಅಂಟು ಗಾಳಿಯ ತೇವಕ್ಕೆ ಒಡೆದು ಜಿಗುಟಾಗುತ್ತದೆ. ಓಡಿಸಿದರೆ ಕೀಚಲು ಸದ್ದು, ಹೆಡ್ಡಿನ ಮೇಲೆ ಗೋಂದಿನಂಥ ಪದರ. ಇಂಥ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಎಂಟು ಗಂಟೆ ಅಥವಾ ಇನ್ನೂ ಜಾಸ್ತಿ ಹೊತ್ತು ಇಡುತ್ತಾರೆ. ತೇವ ಹೊರಟು ಕೆಲವು ವಾರ ಟೇಪು ಸರಾಗ ಓಡುತ್ತದೆ, ಅಷ್ಟರೊಳಗೆ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್ ಬೇಡ, ಅದರ ಶಾಖ ಏರಿಳಿಯುತ್ತದೆ. ಇನ್ನೂ ಹಳೆಯ ಅಸಿಟೇಟ್ ಟೇಪಿಗೆ ಈ ಚಿಕಿತ್ಸೆ ಮಾಡಲೇಬಾರದು, ಅದು ಹಾಳಾಗುತ್ತದೆ. ಸ್ಪೂಲನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿದ ಟೇಪಿನ ಮೂಲಕ ಬೆಳಕು ಹಾಯ್ದರೆ ಅದು ಅಸಿಟೇಟ್.

ಕೊನೆಗೆ ಟೇಪು ಏರಿಸಿದಾಗ ಮತ್ತೆ ಹೆಡ್ಡಿನ ಬಳಿಗೇ ಬರಬೇಕು. ಹೆಡ್ ಹೊಂದಿಸಲೆಂದೇ ಕರಾರುವಾಕ್ಕಾಗಿ ರೆಕಾರ್ಡ್ ಮಾಡಿದ ಟೆಸ್ಟ್ ಟೇಪ್ ಹಾಕಿ ನೆಟ್ಟಗೆ ನಿಲ್ಲಿಸಿದ ಹೆಡ್ ಈ ಟೇಪಿಗೆ ಹೊಂದಲಿಕ್ಕಿಲ್ಲ. ಅಂದು ಇದನ್ನು ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡೇ ಸ್ವಲ್ಪ ವಾಲಿದ್ದಿರಬಹುದು. ಈಗ ನಮ್ಮ ಹೆಡ್ಡೂ ಅಷ್ಟೇ ವಾಲಬೇಕು. ಹೆಡ್‌ಫೋನ್ ಹಾಕಿ, ಎರಡೂ ಚಾನೆಲ್ ಕೂಡಿಸಿ, ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೇಳಿ. ಮಂಕಾಗಿದ್ದ ದನಿಯಲ್ಲಿ ಮೊದಲು ‘ಸ’ಕಾರ ಮೂಡುತ್ತದೆ. ಇನ್ನೊಂಚೂರು ತಿರುಗಿಸಿದರೆ ಹಾಡುವವರು ಉಸಿರೆಳೆದುಕೊಳ್ಳುವ ಸದ್ದು. ಅಲ್ಲಿಗೆ ಕೈ ತೆಗೆದು, ಕಾಪಿ ಮಾಡಲು ಶುರು ಮಾಡಿ.